ಇಪ್ಪತ್ತು ಕಿಲೋಮೀಟರ್‌ಗೆ ಜಪಾನಿನ ಅನುಮತಿ

ಬಲಿಪಾಡ್ಯಮಿಯ ಬೆಳಗ್ಗೆ ಹೊಸ ಶೆಡ್‌ನಲ್ಲಿ ಲೋಹ ಕೆತ್ತುವ ನಮ್ಮ ಜಪಾನಿ ಮಷೀನ್‌ಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ನನ್ನ ಪಾಲುದಾರ ಹಸಿರು ಗುಂಡಿ ಒತ್ತಿದ. ಸ್ಕ್ರೀನ್ ಹೊತ್ತಿಕೊಂಡಿತು. ಒಳಗಿನ ಫ್ಯಾನ್ ಗುಂಯ್ ಅಂತು. ಚಪ್ಪಾಳೆ ತಟ್ಟಲು ನಾವು ಕೈ ಎತ್ತುವಷ್ಟರಲ್ಲಿ ಕೆಂಪು ಪಟ್ಟಿಯೊಂದು ಮೂಡಿತು. ಮಷೀನ್ ಜಾಗ ಬದಲಾಗಿದೆ, ತಯಾರಕರನ್ನು ಸಂಪರ್ಕಿಸಿ ಅಂತ. ಅದರ ಕೆಳಗೆ ಮಾರುದ್ದದ ಒಂದು ನಂಬರ್.

“ವೋಲ್ಟೇಜ್ ಏನರ ಹೆಚ್ಚು ಕಮ್ಮಿ ಆಗಿರಬೇಕು,” ಅಂದ ಅವನು. ಮೂರು ಸಲ ಆಫ್ ಮಾಡಿ ಆನ್ ಮಾಡಿದೆವು. ಮೂರು ಸಲವೂ ಅದೇ ಪಟ್ಟಿ. ಗದಗದಿಂದ ಬಂದಿರುವ ನಮ್ಮ ಆಪರೇಟರ್ ಹುಡುಗ ಕೈಯಲ್ಲಿದ್ದ ಪೇಡೆ ಡಬ್ಬಿಯನ್ನು ಸುಮ್ನೆ ಮುಚ್ಚಿಟ್ಟ.

ಅದು 2024ರ ನವೆಂಬರ್ 2, ಶನಿವಾರ. ಆ ಮಷೀನ್ ಮತ್ತೆ ಓಡಿದ್ದು ಡಿಸೆಂಬರ್ 9ಕ್ಕೆ. ನಡುವಿನ 37 ದಿನಗಳಲ್ಲಿ ನಾನು ಕಲಿತಷ್ಟು ಭೂಗೋಳ ಶಾಲೆಯಲ್ಲೂ ಕಲಿತಿರಲಿಲ್ಲ.

ನಮ್ಮದು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿದ್ದ, ಬೇರೆಯವರ ಡ್ರಾಯಿಂಗ್ ನೋಡಿ ಭಾಗ ಮಾಡಿಕೊಡುವ 14 ಜನರ ಜಾಬ್ ವರ್ಕ್ ಶಾಪ್. ನಾನು ಬೆಳಗಾವಿಯವನು. ಡಿಪ್ಲೊಮಾ ಮುಗಿಸಿ ಉದ್ಯಮಬಾಗ್‌ನ ಒಂದು ಫೌಂಡ್ರಿಯಲ್ಲಿ ಎರಡು ವರ್ಷ ಮೈಯೆಲ್ಲ ಮಸಿ ಮಾಡಿಕೊಂಡು, 1999ರಲ್ಲಿ ಪುಣೆಗೆ ಬಂದೆ. ಪಾಲುದಾರ ವಿಜಯಪುರದ ಕಡೆಯವನು. ಇಬ್ಬರೂ ಸೇರಿ ಶುರು ಮಾಡಿದ್ದು ಒಂದು ಸೆಕೆಂಡ್ ಹ್ಯಾಂಡ್ ಎಚ್‌ಎಂಟಿ ಲೇತ್‌ನಿಂದ. ಆ ಲೇತ್ ಇವತ್ತೂ ಮೂಲೆಯಲ್ಲಿದೆ. ಎಲ್ಲಿಗೆ ಎತ್ತಿಕೊಂಡು ಹೋಗಿ ಇಟ್ಟರೂ ಮರುಮಾತಿಲ್ಲದೆ ತಿರುಗುತ್ತೆ. ಅದೂ ಒಂದು ಕಾಲದಲ್ಲಿ ಹೊರಗಿನಿಂದ ಬಂದ ವಿದ್ಯೆಯೇ. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾಗಿದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಾಯದಿಂದ.

2019ರಲ್ಲಿ ಧೈರ್ಯ ಮಾಡಿ, ಬ್ಯಾಂಕಿನ ಸಾಲ ತೆಗೆದು, ಜಪಾನಿನ ಐದು ಆಕ್ಸಿಸ್ ಮಷೀನ್ ತಂದೆವು. ಎಲ್ಲ ಸೇರಿ 1.8 ಕೋಟಿ. ಐದು ಆಕ್ಸಿಸ್ ಅಂದರೇನು ಅಂತ ನನ್ನ ಹೆಂಡತಿ ಕೇಳಿದಾಗ ಅಡುಗೆಮನೆಯಲ್ಲೇ ತೋರಿಸಿದ್ದೆ. ಈಳಿಗೆಮಣೆಯಲ್ಲಿ ಸೌತೆಕಾಯಿ ಹೆಚ್ಚುವುದು ಒಂದು ಕೆಲಸ. ಹಿಂದೆ ಮುಂದೆ, ಅಕ್ಕ ಪಕ್ಕ, ಮೇಲೆ ಕೆಳಗೆ, ಅಷ್ಟೇ. ಅದು ಮೂರು ಆಕ್ಸಿಸ್. ಅದೇ ಸೌತೆಕಾಯಿಯ ಸಿಪ್ಪೆಯನ್ನು ಚಾಕುವಿನಿಂದ ಹೆರೆಯುವಾಗ ನೋಡಿ. ಚಾಕು ಸರಿಯುತ್ತಿರುವಾಗಲೇ ಎಡಗೈಯಲ್ಲಿರುವ ಕಾಯಿ ವಾಲುತ್ತೆ, ತಿರುಗುತ್ತೆ. ಅಲಗು ಪ್ರತಿ ಕ್ಷಣವೂ ಸಿಪ್ಪೆಗೆ ಸರಿಯಾದ ಕೋನದಲ್ಲೇ ಕೂತಿರುತ್ತೆ. ಆ ವಾಲುವುದು, ತಿರುಗುವುದು ಸೇರಿದರೆ ಐದು. ನಮ್ಮ ಮಷೀನ್‌ನಲ್ಲಿ ಎಡಗೈ ಕೆಲಸವನ್ನು ಮೇಜೇ ಮಾಡುತ್ತೆ. ಐದೂ ಒಟ್ಟಿಗೆ ಚಲಿಸುತ್ತವೆ. ಪಂಪಿನ ಇಂಪೆಲ್ಲರ್, ಅಂದರೆ ನೀರು ತಳ್ಳುವ ಚಕ್ರದ ತಿರುಚಿದ ರೆಕ್ಕೆಗಳನ್ನು ಒಂದೇ ಗಟ್ಟಿಯಿಂದ ಕೆತ್ತಬೇಕಾದರೆ ಇದು ಬೇಕೇ ಬೇಕು.

ತೊಂದರೆ ಏನೆಂದರೆ, ಸಬ್‌ಮರೀನಿನ ಪ್ರೊಪೆಲ್ಲರ್ ಕೂಡ ತಿರುಚಿದ ರೆಕ್ಕೆಯೇ. ಕ್ಷಿಪಣಿಯ ಎಂಜಿನ್ನಿನಲ್ಲೂ ಟರ್ಬೈನ್ ಇರುತ್ತೆ. ಮಷೀನ್‌ಗೆ ಇದು ನೀರಾವರಿ ಪಂಪು, ಅದು ಯುದ್ಧದ ಹಡಗು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಇಂಥ ಮಷೀನ್ ಮಾರುವ ದೇಶಗಳು ಕೊಳ್ಳುವವನಿಂದ ಬರೆಸಿಕೊಳ್ಳುತ್ತವೆ. ನಾವೂ 2019ರಲ್ಲಿ ಬರೆದುಕೊಟ್ಟಿದ್ದೆವು. ಅಣ್ವಸ್ತ್ರ, ರಾಸಾಯನಿಕ ಅಸ್ತ್ರ, ಜೈವಿಕ ಅಸ್ತ್ರ, ಕ್ಷಿಪಣಿ, ಇವಕ್ಕೆ ಬಳಸುವುದಿಲ್ಲ. ಬೇರೆಯವರಿಗೆ ಮಾರುವುದಿಲ್ಲ. ಮುಂಚಿತವಾಗಿ ಲಿಖಿತ ಒಪ್ಪಿಗೆ ಇಲ್ಲದೆ ಜಾಗ ಬದಲಿಸುವುದಿಲ್ಲ. ಬ್ಯಾಂಕಿನ ಸಾಲಪತ್ರಕ್ಕೆ ಹಾಕಿದ ಹಾಗೆಯೇ ಪುಟ ತಿರುಗಿಸುತ್ತಾ ಹೋಗಿ, ಗುರುತು ಹಾಕಿದ ಕಡೆಯೆಲ್ಲ ಸಹಿ ಹಾಕಿದ್ದೆ. ಓದಿರಲಿಲ್ಲ ಅಂತ ಹೇಳಿದರೆ ಸುಳ್ಳು. ಓದಿದ್ದೆ. ಜಾಗ ಬದಲಿಸುವುದು ಅಂದರೆ ಪಾಕಿಸ್ತಾನಕ್ಕೋ ಉತ್ತರ ಕೊರಿಯಾಕ್ಕೋ ಅಂದುಕೊಂಡಿದ್ದೆ.

ಭೋಸರಿಯ ಶೆಡ್ ಮಾಲೀಕ ಮಗನಿಗೆ ಜಾಗ ಬೇಕು ಅಂದ. ಚಾಕಣದ ಬಳಿ ಮಹಾಳುಂಗೆಯಲ್ಲಿ ದೊಡ್ಡ ಶೆಡ್ ಸಿಕ್ಕಿತು. ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ಮಷೀನ್ ಮಾರಿದ ಡೀಲರ್ ಕಡೆಯ ಹುಡುಗನಿಗೆ ಫೋನಿನಲ್ಲಿ ಹೇಳಿದ್ದೆ, ದೀಪಾವಳಿಗೆ ಶಿಫ್ಟ್ ಮಾಡ್ತೀವಿ ಅಂತ. “ಮಾಡಿ ಸರ್, ಏನೂ ತೊಂದರೆ ಇಲ್ಲ,” ಅಂದಿದ್ದ. ಆ ಮಾತಿಗೆ ಸಾಕ್ಷಿ ನನ್ನ ಕಿವಿ ಮಾತ್ರ.

ದೀಪಾವಳಿಯಲ್ಲಿ ಮಾಡಿದ್ದಕ್ಕೆ ಕಾರಣ ಇತ್ತು. ಹುಡುಗರೆಲ್ಲ ಊರಿಗೆ ಹೋಗಿರುತ್ತಾರೆ, ಕೆಲಸ ಹೇಗೂ ನಿಂತಿರುತ್ತೆ. ಜೊತೆಗೆ ನಾಸಿಕ್ ಹೆದ್ದಾರಿ ಖಾಲಿ ಇರುತ್ತೆ. ಮಾಮೂಲಿ ದಿನಗಳಲ್ಲಿ ಮೋಶಿಯಿಂದ ಚಾಕಣ ಚೌಕದವರೆಗೆ ಹೋಗುವಷ್ಟರಲ್ಲಿ ಗಡ್ಡ ಬೆಳೆಯುತ್ತೆ. 12 ಟನ್ ಮಷೀನನ್ನು ಟ್ರೇಲರ್ ಮೇಲೆ ಬಿಗಿದು, ಹಿಂದೆ ನಾನು ಬೈಕಿನಲ್ಲಿ, ಮುಂದೆ ಪಾಲುದಾರ ಕಾರಿನಲ್ಲಿ, ಮದುವೆ ದಿಬ್ಬಣದ ಹಾಗೆ ಹೋದೆವು. ಇದೇ ರಸ್ತೆಯಲ್ಲಿ ಮುಂದೆ ನಾಸಿಕ್ ದಾಟಿದರೆ ಓಝರ್. ನನ್ನ ಸೋದರಮಾವ ಅಲ್ಲಿ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. 1964ರಲ್ಲಿ ಸೋವಿಯತ್ ಲೈಸೆನ್ಸ್ ಮೇಲೆ ಮಿಗ್-21 ಕಟ್ಟಲು ಶುರುವಾದ ಕಾರ್ಖಾನೆ ಅದು. ಅತ್ತ ಮುಂಬೈನ ಪವಾಯಿಯಲ್ಲಿ ಐಐಟಿ ಕಟ್ಟಿದ್ದೂ ಸೋವಿಯತ್ ನೆರವಿನಿಂದಲೇ, 1958ರಲ್ಲಿ. ಇತ್ತ ಎಚ್‌ಎಂಟಿ ಸ್ವಿಸ್. ಆಗಿನವರು ಇಬ್ಬರ ಮನೆಯಲ್ಲೂ ಊಟ ಮಾಡಿ ಯಾರಿಗೂ ಬೈಸಿಕೊಳ್ಳಲಿಲ್ಲ ಅಂತ ನನಗೆ ಅನ್ನಿಸುತ್ತಿತ್ತು. ಮಾವ ಬದುಕಿದ್ದರೆ ಒಪ್ಪುತ್ತಿರಲಿಲ್ಲ. ಒಂದು ಸಣ್ಣ ಸೀಲ್ ರಿಂಗ್ ರಷ್ಯಾದಿಂದ ಬರಲು ತಿಂಗಳುಗಟ್ಟಲೆ ಕಾದ ಕತೆಗಳು ಅವರ ಹತ್ತಿರ ಬೇಕಾದಷ್ಟಿದ್ದವು.

ಸೋಮವಾರ ಡೀಲರ್ ಆಫೀಸು ತೆರೆಯಿತು. ಆ ಹುಡುಗನೇ ಫೋನ್ ಎತ್ತಿದ. “ಸರ್, ಲಿಖಿತ ಒಪ್ಪಿಗೆ ತಗೊಂಡಿದ್ರಾ?” ಅಂದ. ನಾನು ಬೈಯಬೇಕು ಅಂತಲೇ ಬಾಯಿ ತೆರೆದೆ. ಬೈದು ಪ್ರಯೋಜನ ಇರಲಿಲ್ಲ, ಸಹಿ ನನ್ನದೇ ಅಲ್ವಾ.

ಅವನು ಹೇಳಿದ್ದು ಇಷ್ಟು. ಮಷೀನ್ ಒಳಗೆ ಒಂದು ಚಿಕ್ಕ ಪೆಟ್ಟಿಗೆ ಇದೆ. ಅಲುಗಾಟ, ವಾಲಾಟ ಎರಡನ್ನೂ ಗ್ರಹಿಸುತ್ತೆ. ಕರೆಂಟ್ ತೆಗೆದರೂ ಬ್ಯಾಟರಿಯ ಮೇಲೆ ಎಚ್ಚರ ಇರುತ್ತೆ. ಕ್ರೇನ್ ಎತ್ತಿದ ಕ್ಷಣವೇ ಅದು ಬೀಗ ಹಾಕಿಕೊಂಡಿದೆ. ಬೀಗ ತೆಗೆಯುವ ಕೋಡ್ ಜಪಾನಿನಿಂದಲೇ ಬರಬೇಕು. ಅದಕ್ಕೆ ಮುಂಚೆ ಹೊಸ ಜಾಗದ ಕಾಗದ ಪತ್ರ, ಏನು ಮಾಡುತ್ತೀರಿ ಅನ್ನುವ ವಿವರ, ಹೊಸ ಪ್ರತಿಜ್ಞಾ ಪತ್ರ. ಅದನ್ನೆಲ್ಲ ಕಂಪನಿ ನೋಡುತ್ತೆ, ಬೇಕಾದರೆ ಅವರ ಸರ್ಕಾರದ ವಾಣಿಜ್ಯ ಸಚಿವಾಲಯವೂ ನೋಡುತ್ತೆ. ಆಮೇಲೆ ಎಂಜಿನಿಯರ್ ಬಂದು ಕಣ್ಣಾರೆ ಕಂಡು ಬೀಗ ತೆಗೆಯುತ್ತಾನೆ.

“ಎಷ್ಟು ದಿನ?” ಅಂದೆ.

“ಹೇಳಕ್ಕಾಗಲ್ಲ ಸರ್.”

ತಿಂಗಳಿಗೆ 3 ಲಕ್ಷ 10 ಸಾವಿರ ಇಎಂಐ. ಅದು ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಹೋಗುತ್ತೆ.

ಆ ರಾತ್ರಿಗಳಲ್ಲಿ ನಿದ್ದೆ ಬರುತ್ತಿರಲಿಲ್ಲ. ನಮ್ಮಂಥವರ ಮೇಲೆ ಯಾಕಪ್ಪಾ ಇಷ್ಟು ಅನುಮಾನ ಅಂತ ಓದುತ್ತಾ ಕೂತೆ. ಎರಡನೇ ಮಹಾಯುದ್ಧ ಮುಗಿದು ಜಗತ್ತು ಎರಡು ಬಣ ಆದಾಗ, ಅಮೆರಿಕ ಮತ್ತು ಅದರ ಗೆಳೆಯರು 1949ರಲ್ಲಿ ಪ್ಯಾರಿಸ್‌ನಲ್ಲಿ ಒಂದು ಸಮಿತಿ ಮಾಡಿಕೊಂಡರು. ಕೋಕಾಮ್ ಅಂತ ಹೆಸರು. ಕಮ್ಯುನಿಸ್ಟ್ ದೇಶಗಳಿಗೆ ಏನು ಮಾರಬಾರದು ಅಂತ ಪಟ್ಟಿ ಇಡುವುದು ಅದರ ಕೆಲಸ. ಆ ಪಟ್ಟಿಯಲ್ಲಿ ನಮ್ಮ ಮಷೀನಿನ ಅಜ್ಜ ಮುತ್ತಜ್ಜಂದಿರೂ ಇದ್ದರು.

1982-83ರಲ್ಲಿ ತೋಷಿಬಾ ಗುಂಪಿನ ಮಷೀನ್ ಟೂಲ್ ಕಂಪನಿಯೊಂದು ಲೆನಿನ್‌ಗ್ರಾಡಿನ ಹಡಗು ಕಟ್ಟೆಗೆ ಒಂಬತ್ತು ಆಕ್ಸಿಸ್‌ನ ನಾಲ್ಕು ದೊಡ್ಡ ಮಷೀನ್ ಕಳಿಸಿತು. ಅವನ್ನು ನಡೆಸುವ ಕಂಟ್ರೋಲರ್ ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿಯದು. ಕಾಗದದಲ್ಲಿ ಮಾತ್ರ ಸಾದಾ ಮಷೀನ್ ಅಂತ ಬರೆದಿದ್ದರು. ಅಲ್ಲಿ ಕೆತ್ತಿದ್ದು ಸದ್ದು ಕಡಿಮೆ ಮಾಡುವ ಸಬ್‌ಮರೀನ್ ಪ್ರೊಪೆಲ್ಲರ್. ವ್ಯವಹಾರದಲ್ಲಿದ್ದ ಟ್ರೇಡಿಂಗ್ ಕಂಪನಿಯ ಒಬ್ಬ ನೌಕರ 1985ರಲ್ಲಿ ಪ್ಯಾರಿಸ್‌ನ ಕೋಕಾಮ್‌ಗೆ ಪತ್ರ ಬರೆದ. 1987ರಲ್ಲಿ ಸುದ್ದಿ ಸ್ಫೋಟವಾಯಿತು. ಅಮೆರಿಕದ ಸಂಸದರು ಸಂಸತ್ತಿನ ಮುಂದಿನ ಹುಲ್ಲಿನ ಮೇಲೆ ತೋಷಿಬಾ ಟೇಪ್ ರೆಕಾರ್ಡರ್ ಇಟ್ಟು ಸುತ್ತಿಗೆಯಿಂದ ಕುಟ್ಟಿದರು. ಆ ಫೋಟೋ ನೋಡಿ ನನಗೆ ನಗು ಬಂತು. ಕುಟ್ಟಿಸಿಕೊಂಡ ಟೇಪ್ ರೆಕಾರ್ಡರ್‌ಗೂ ಪ್ರೊಪೆಲ್ಲರ್‌ಗೂ ಏನು ಸಂಬಂಧ? ಸೋವಿಯತ್ ಸಬ್‌ಮರೀನ್‌ಗಳ ಸದ್ದು ಆ ಮಷೀನ್ ತಲುಪುವ ಮೊದಲೇ ಇಳಿಯತೊಡಗಿತ್ತು ಅಂತ ವಾದಿಸುವವರೂ ಇದ್ದಾರೆ. ಅದೇನೇ ಇರಲಿ, ತೋಷಿಬಾದ ಅಧ್ಯಕ್ಷರೇ ರಾಜೀನಾಮೆ ಕೊಡಬೇಕಾಯಿತು. ಜಪಾನ್ ಕಾನೂನು ಬಿಗಿ ಮಾಡಿತು. ಆ ಬಿಗಿಯ ಒಂದು ಎಳೆ ಮಹಾಳುಂಗೆಯ ನನ್ನ ಶೆಡ್ಡಿನವರೆಗೂ ಬಂದಿತ್ತು.

ಸೋವಿಯತ್ ಒಕ್ಕೂಟವೇ ಹೋದ ಮೇಲೆ ಕೋಕಾಮ್ 1994ರಲ್ಲಿ ಮುಚ್ಚಿತು. 1996ರಲ್ಲಿ ಸೇನೆಗೂ ಬಳಸಬಹುದಾದ ಸಾಮಾನುಗಳ ರಫ್ತಿನ ಮೇಲೆ ಕಣ್ಣಿಡುವ ವಾಸೆನಾರ್ ಒಪ್ಪಂದ ಬಂತು, ಅದರ ಕಚೇರಿ ವಿಯೆನ್ನಾದಲ್ಲಿದೆ. ಈ ಸಲ ರಷ್ಯಾ ಕೂಡ ಒಳಗೆ. ಭಾರತ 2017ರ ಡಿಸೆಂಬರಿನಲ್ಲಿ ಸೇರಿತು. ಆದರೆ ಅಣು ಸಾಮಗ್ರಿ ಮಾರುವ ದೇಶಗಳ ಗುಂಪು (ಎನ್‌ಎಸ್‌ಜಿ) ಅಂತ ಇನ್ನೊಂದಿದೆ. ಅದರ ಪಟ್ಟಿಯಲ್ಲೂ ಐದು ಆಕ್ಸಿಸ್ ಮಷೀನ್ ಇದೆ. ಆ ಗುಂಪು ಹುಟ್ಟಿದ್ದೇ 1974ರ ನಮ್ಮ ಪೋಖರಣ್ ಸ್ಫೋಟದಿಂದ. ನಾವು ಇವತ್ತಿಗೂ ಅದರ ಹೊರಗೇ ಇದ್ದೇವೆ. ಅಂದರೆ ಈ ಅನುಮಾನಕ್ಕೆ ಒಂದು ಪಾಲು ನಮ್ಮದೂ ಇದೆ. ಇದನ್ನು ಪಾಲುದಾರನಿಗೆ ಹೇಳಿದಾಗ ಅವನು, “ಹಂಗಾರ ಇಎಂಐ ಇಂದಿರಾ ಗಾಂಧಿ ಕಟ್ಟತಾರೇನು?” ಅಂದ.

ಫಾರ್ಮ್ ಏಳು ಪುಟದ್ದು. ಮೊದಲ ಪುಟದ ವಿಳಾಸದಲ್ಲೇ ಹತ್ತು ದಿನ ಹೋಯಿತು. ಚಾಕಣದ ಕಡೆ ವಿಳಾಸ ಅಂದರೆ ಗಟ್ ನಂಬರ್. ಹೊಲದ ಸರ್ವೆ ನಂಬರಿನ ಹಾಗೆ. ರಸ್ತೆ ಹೆಸರಿಲ್ಲ, ಮನೆ ನಂಬರಿಲ್ಲ. ಜಪಾನಿನಿಂದ ಪ್ರಶ್ನೆ ಬಂತು, ಗಟ್ ಅಂದರೆ ಕಟ್ಟಡದ ಹೆಸರೋ ರಸ್ತೆಯ ಹೆಸರೋ ಅಂತ. ಬಾಡಿಗೆ ಕರಾರಿನಲ್ಲಿ ಊರಿನ ಹೆಸರು ಮಹಾಳುಂಗೆ, ಜಿಎಸ್‌ಟಿಯಲ್ಲಿ ಮ್ಹಾಳುಂಗೆ, ಕರೆಂಟ್ ಬಿಲ್ಲಿನಲ್ಲಿ ಇನ್ನೊಂದು ಥರ. ಇವು ಮೂರು ಬೇರೆ ಊರೇ? ಅಂತ ಎರಡನೇ ಪ್ರಶ್ನೆ. ಕೊನೆಗೆ ಶೆಡ್ಡಿನ ಬಾಗಿಲಿನಿಂದ ಚಾಕಣ ಚೌಕದವರೆಗೆ ಕೈಯಲ್ಲೇ ನಕ್ಷೆ ಬರೆದೆ. ದಾರಿಯ ಮಾರುತಿ ಗುಡಿ, ವಡಾಪಾವ್ ಗಾಡಿ ಕೂಡ ಬಿಡಲಿಲ್ಲ. ಅಕ್ಷಾಂಶ ರೇಖಾಂಶ ಬರುವಂತೆ ಫೋಟೋ ತೆಗೆದು ಕಳಿಸಿದೆ. ಊರಿನ ಹೆಸರು ಮೂರು ಬಗೆಯಾದರೂ ಒಂದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ. ನೋಟರಿ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಲ್ಲಿದೆ.

ನಿಜವಾದ ಕಷ್ಟ ಇದ್ದದ್ದು ನಾಲ್ಕನೇ ಪುಟದಲ್ಲಿ. ಈ ಮಷೀನಿನಲ್ಲಿ ತಯಾರಾಗುವ ಭಾಗಗಳು, ಅವುಗಳ ಗ್ರಾಹಕರು, ಅಂತಿಮ ಬಳಕೆ.

ಜಾಬ್ ವರ್ಕ್ ಮಾಡುವವರಿಗೆ ಈ ಪ್ರಶ್ನೆ ಎಷ್ಟು ಹೊಸದು ಅಂತ ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. ನಮಗೆ ಬರುವುದು ಡ್ರಾಯಿಂಗ್ ಮತ್ತು ಕಚ್ಚಾ ಲೋಹ. ಗ್ರಾಹಕ ತನ್ನ ಗ್ರಾಹಕನ ಹೆಸರು ನಮಗೆ ತಿಳಿಯಬಾರದು ಅಂತ ಡ್ರಾಯಿಂಗಿನ ಕೆಳಗಿನ ಚೌಕವನ್ನು ಬಿಳಿ ಮಾಡಿ ಕಳಿಸುತ್ತಾನೆ. ನಾವು ಅವನನ್ನು ದಾಟಿ ನೇರವಾಗಿ ಕೆಲಸ ಹಿಡಿಯಬಾರದಲ್ಲ, ಅದಕ್ಕೆ. ನಮಗೆ ಬೇಕಾಗಿರುವುದು ಅಳತೆ, ಟಾಲರೆನ್ಸ್, ಎಷ್ಟು ಪೀಸು, ಎಂದು ಬೇಕು, ಎಷ್ಟು ಕೊಡ್ತೀರಿ. ಅದು ಯಾವ ಯಂತ್ರದ ಯಾವ ಮೂಲೆಗೆ ಹೋಗಿ ಕೂರುತ್ತೆ ಅಂತ ಐದು ವರ್ಷದಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ.

ಅಂಥ 63 ಡ್ರಾಯಿಂಗ್‌ಗಳನ್ನು ಟೇಬಲ್ ಮೇಲೆ ಹರಡಿಕೊಂಡು ಕೂತೆವು. ನಲವತ್ತಕ್ಕೆ ಉತ್ತರ ಸುಲಭ. ಪಂಪು, ಮೋಲ್ಡ್, ಟರ್ಬೋಚಾರ್ಜರ್. ಉಳಿದವಕ್ಕೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಕೆಲವರು ನಕ್ಕರು. ಒಬ್ಬರು ಸಿಟ್ಟಾದರು. “ತುಲಾ ಕಾಯ್ ಕರಾಯ್ಚಂಯ್?” ಅಂದರು, ನಿನಗ್ಯಾಕೆ ಬೇಕು ಅಂತ. ಪ್ರಶ್ನೆ ನ್ಯಾಯವಾಗಿತ್ತು. ಹಿಂದಿನ ತಿಂಗಳವರೆಗೆ ನನಗೂ ಬೇಕಿರಲಿಲ್ಲ.

ಒಂದು ಡ್ರಾಯಿಂಗ್ ಮಾತ್ರ ನಮ್ಮನ್ನು ಎರಡು ರಾತ್ರಿ ಕಾಡಿತು. ಗ್ರೇಡ್ 5 ಟೈಟಾನಿಯಂ, ಅಂಗೈಯಷ್ಟು ದೊಡ್ಡದು, ಒಂದು ಕಡೆ ಬಾಗಿದ ಮೈ, ಅದರಲ್ಲಿ ಓರೆಯಾಗಿ ಕೊರೆದ ಆರು ತೂತು. ಗ್ರೇಡ್ 5 ವಿಮಾನಕ್ಕೂ ಹೋಗುತ್ತೆ, ಮನುಷ್ಯನ ಮೂಳೆಗೂ ಹೋಗುತ್ತೆ. ಗದಗದ ಹುಡುಗ ಸ್ಯಾಂಪಲ್ ಪೀಸನ್ನು ಕೈಯಲ್ಲಿ ತಿರುಗಿಸಿ ನೋಡಿದ. ಆಮೇಲೆ ಅದನ್ನು ತನ್ನ ಮೊಣಕಾಲಿನ ಪಕ್ಕ ಇಟ್ಟ. ಹೇಳಿ ಮಾಡಿಸಿದ ಹಾಗೆ ಕೂತಿತು. ಅವನ ಅಪ್ಪನಿಗೆ ಹುಬ್ಬಳ್ಳಿಯಲ್ಲಿ ಮೊಣಕಾಲಿಗೆ ಪ್ಲೇಟ್ ಹಾಕಿದ್ದರಂತೆ, ಎಕ್ಸ್‌ರೇ ನೋಡಿದ್ದನಂತೆ. ಗ್ರಾಹಕನೂ ಹೌದು ಅಂದ, ಮೂಳೆ ಜೋಡಿಸುವ ಪ್ಲೇಟು. ಬರೆದುಕೊಡಿ ಅಂದೆ, ಕೊಟ್ಟ.

ಇನ್ನೊಬ್ಬ ಬರೆದುಕೊಡಲಿಲ್ಲ. ಭಾಗ ಏನೂ ವಿಶೇಷ ಇರಲಿಲ್ಲ, ಒಂದು ಸಣ್ಣ ಹೌಸಿಂಗ್, ಅಂದರೆ ಹೊರಕವಚ. ಆದರೆ ಎರಡು ಸಲ ಕೇಳಿದ ಮೇಲೆ ಅವನು ಕೆಲಸವನ್ನೇ ಬೇರೆ ಕಡೆ ಕೊಟ್ಟ. ತಿಂಗಳಿಗೆ 40 ಸಾವಿರ ಹೋಯಿತು. ಅದು ಏನಾಗಿತ್ತು ಅಂತ ಇವತ್ತಿಗೂ ಯೋಚಿಸುತ್ತೇನೆ. ನಮ್ಮ ದೇಶದ ರಕ್ಷಣೆಯ ಕೆಲಸವೇ ಇದ್ದರೆ ನಾನು ಹೆಮ್ಮೆ ಪಡಬೇಕಿತ್ತು. ಆದರೆ ಸಹಿ ಹಾಕಿದ ಕಾಗದ ಆ ಹೆಮ್ಮೆಗೆ ಜಾಗ ಬಿಟ್ಟಿಲ್ಲ. ನಮ್ಮ ದುಡ್ಡಿನ ಮಷೀನು, ನಮ್ಮ ನೆಲದಲ್ಲಿದೆ, ನಮ್ಮ ದೇಶಕ್ಕೆ ಏನು ಮಾಡಬಹುದು ಅಂತ ಬೇರೆ ದೇಶವನ್ನು ಕೇಳಬೇಕು. ಇದು ನುಂಗಲು ಕಷ್ಟ. ಹಾಗಂತ ಸಹಿ ಹಾಕಿ ಸುಳ್ಳು ಬರೆಯುವುದೂ ನನ್ನ ಕೈಲಿ ಆಗಲಿಲ್ಲ.

ಪುಣೆಯಲ್ಲಿ ಇದಕ್ಕೆ ಬೇರೆ ಥರದ ಉತ್ತರ ಕೊಟ್ಟವರೂ ಇದ್ದಾರೆ. ಎಂಬತ್ತರ ದಶಕದಲ್ಲಿ ಅಮೆರಿಕದಿಂದ ಸೂಪರ್ ಕಂಪ್ಯೂಟರ್ ತರುವುದೇ ದೊಡ್ಡ ರಗಳೆಯಾದಾಗ, 1988ರಲ್ಲಿ ಇಲ್ಲಿ ಸಿ-ಡ್ಯಾಕ್ ಅನ್ನುವ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಶುರುವಾಯಿತು. ವಿಜಯ್ ಭಟ್ಕರ್ ಮತ್ತು ಅವರ ತಂಡ 1991ರಲ್ಲಿ ಪರಮ್ 8000 ಸೂಪರ್ ಕಂಪ್ಯೂಟರ್ ಮಾಡಿ ತೋರಿಸಿತು. ಇಸ್ರೋದ ಕ್ರಯೋಜೆನಿಕ್ ಎಂಜಿನ್ ಕತೆಯೂ ಅಂಥದ್ದೇ. ರಷ್ಯಾ ತಂತ್ರಜ್ಞಾನ ಕೊಡಲು ಒಪ್ಪಿತ್ತು, 1992ರಲ್ಲಿ ಅಮೆರಿಕ ನಿರ್ಬಂಧ ಹಾಕಿತು, ಮರುವರ್ಷ ರಷ್ಯಾ ಹಿಂದೆ ಸರಿದು ತಯಾರಾದ ಎಂಜಿನ್ ಮಾತ್ರ ಕೊಡುತ್ತೇನೆ ಅಂತು. ನಮ್ಮದೇ ಎಂಜಿನ್ ಸರಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಕೊಡಲ್ಲ ಅಂದಿದ್ದೇ ಒಳ್ಳೆಯದಾಯಿತು ಅಂತ ಭಾಷಣದಲ್ಲಿ ಹೇಳುತ್ತಾರೆ. ಅಲ್ಲಿ 20 ವರ್ಷ ಕಾಯುವ ಸರ್ಕಾರ ಇತ್ತು. ನನಗೆ ಇದ್ದದ್ದು ಬ್ಯಾಂಕ್ ಮ್ಯಾನೇಜರ್.

ನವೆಂಬರ್ ಮೂರನೇ ವಾರದಲ್ಲಿ ಒಂದು ಫೋನ್ ಬಂತು. ಹಿಂದಿಯಲ್ಲಿ ಮಾತು, ಜೇನಿನಂಥ ದನಿ. ನಿಮ್ಮ ಮಷೀನ್ ಸುಮ್ನೆ ನಿಂತಿದೆಯಂತೆ, ಮಾರುತ್ತೀರಾ ಅಂತ. ಕ್ರೇನಿನವರು ಹೇಳಿರಬೇಕು, ಬೇರೆ ಯಾರಿಗೂ ಗೊತ್ತಿರಲಿಲ್ಲ. ಎರಡೂವರೆ ಕೋಟಿ ಕೊಡುತ್ತೇನೆ ಅಂದ. ಐದು ವರ್ಷ ಓಡಿದ ಮಷೀನ್‌ಗೆ, ಹೊಸದಕ್ಕಿಂತ ಜಾಸ್ತಿ. ಎಲ್ಲಿಗೆ ಹೋಗುತ್ತೆ ಅಂತ ಕೇಳಿದೆ. ದುಬೈ ಅಂದ. ದುಬೈನಲ್ಲಿ ಯಾರು? ಅದು ನಿಮಗೆ ಬೇಡ, ಕಾಗದವೆಲ್ಲ ನಮ್ಮದು, ಬೀಗ ತೆಗೆಯುವವರೂ ನಮ್ಮ ಹತ್ತಿರ ಇದ್ದಾರೆ ಅಂದ.

ಸ್ಪೀಕರ್ ಆನ್ ಇತ್ತು. ಪಾಲುದಾರ ಟೀ ಲೋಟ ಕೆಳಗಿಡದೆ ಕೇಳುತ್ತಿದ್ದ. ಫೋನ್ ಇಟ್ಟ ಮೇಲೆ, “ಎರಡೂವರೆ ಅಂದನಾ?” ಅಂತ ಇನ್ನೊಂದು ಸಲ ಕೇಳಿದ.

ಎರಡು ಬಣಗಳ ಜಗಳ ಅಂತ ಟಿವಿಯಲ್ಲಿ ನೋಡುತ್ತಿದ್ದುದು ಆ ಐದು ನಿಮಿಷ ನಮ್ಮ ಟೇಬಲ್ ಮೇಲೆ ಕೂತಿತ್ತು. ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ, ಯುರೋಪ್, ಜಪಾನ್ ಸೇರಿ ರಷ್ಯಾಕ್ಕೆ ಹೋಗಬಾರದ ಸಾಮಾನುಗಳ ಪಟ್ಟಿ ಮಾಡಿವೆ. ನಮ್ಮದರಂತೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನ್‌ಗಳೂ ಅದರಲ್ಲಿವೆ. ನಾವು ಟ್ರೇಲರ್ ಬುಕ್ ಮಾಡಿದ ವಾರವೇ, ಅಕ್ಟೋಬರ್ 30ಕ್ಕೆ, ಅಮೆರಿಕ ನಿರ್ಬಂಧ ಹೇರಿದ ಹೊಸ ಪಟ್ಟಿಯಲ್ಲಿ 19 ಭಾರತೀಯ ಕಂಪನಿಗಳಿದ್ದವು. ರಷ್ಯಾಕ್ಕೆ ಸಾಮಾನು ಸಾಗಿಸಿದರು ಅಂತ. ಆ ಪಟ್ಟಿಗೆ ನಮ್ಮ ದೇಶ ಬದ್ಧ ಅಲ್ಲ, ಅದು ಬೇರೆ ಮಾತು. ಆದರೆ ರಫ್ತಿಗೆ ಲೈಸೆನ್ಸ್ ಬೇಕಾದ ಸಾಮಾನುಗಳ ನಮ್ಮದೇ ಸ್ಕೋಮೆಟ್ ಪಟ್ಟಿ ಇದೆಯಲ್ಲ. ಅದರ ಎಂಟನೇ ವಿಭಾಗ ಹೆಚ್ಚು ಕಡಿಮೆ ವಾಸೆನಾರ್ ಪಟ್ಟಿಯದೇ ನಕಲು. ಅದರಲ್ಲಿರುವ ಸಾಮಾನನ್ನು ದುಬೈ ಇರಲಿ ಕಾಠ್ಮಂಡು ಇರಲಿ, ಎಲ್ಲಿಗೆ ಕಳಿಸಬೇಕಾದರೂ ದಿಲ್ಲಿಯ ಡಿಜಿಎಫ್‌ಟಿ, ಅಂದರೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಲೈಸೆನ್ಸ್ ಬೇಕು. ಕೆಲವು ಸಲ ಡ್ರಾಯಿಂಗನ್ನು ಇಮೇಲ್ ಮಾಡುವುದು ಕೂಡ ರಫ್ತು ಅಂತಲೇ ಲೆಕ್ಕ.

ಇದನ್ನೆಲ್ಲ ಪಾಲುದಾರನಿಗೆ ಹೇಳಿದೆ. ಅವನು ಸುಮ್ಮನಿದ್ದ. ನಾನೇನೂ ದೊಡ್ಡ ಆದರ್ಶವಾದಿ ಅಂತ ಬರೆದುಕೊಳ್ಳುತ್ತಿಲ್ಲ. ನನಗೆ ಬಂದದ್ದು ಭಯ. ಮಗಳು ಜರ್ಮನಿಯಲ್ಲಿ ಓದುತ್ತಿದ್ದಾಳೆ. ಅವಳಿಗೆ ದುಡ್ಡು ಕಳಿಸುವ ನನ್ನ ಹೆಸರು ಯಾವುದೋ ಪಟ್ಟಿಯಲ್ಲಿ ಬಿದ್ದರೆ? ಆ ನಂಬರಿನಿಂದ ಇನ್ನೂ ನಾಲ್ಕು ಸಲ ಫೋನ್ ಬಂತು. ಎತ್ತಲಿಲ್ಲ.

ಡಿಸೆಂಬರ್ 9ಕ್ಕೆ ಎಂಜಿನಿಯರ್ ಬಂದ. ಬೆಂಗಳೂರಿನ ಹುಡುಗ, ಪೀಣ್ಯದ ಹತ್ತಿರವೇ ಮನೆಯಂತೆ. ಬೂಟಿನ ಧೂಳು ಕೊಡವುತ್ತಾ, “ನಿಮ್ಮ ನಕ್ಷೆಯಲ್ಲಿದ್ದ ವಡಾಪಾವ್ ಗಾಡಿ ಕಂಡ ಮೇಲೇ ದಾರಿ ಗೊತ್ತಾಯ್ತು ಸಾರ್,” ಅಂದ. ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಮಷೀನಿನ ಹಿಂದೆ ಬಗ್ಗಿ ತಗಡಿನ ಮೇಲಿನ ಸೀರಿಯಲ್ ನಂಬರ್ ಓದಿದ, ಫೋಟೋ ತೆಗೆದ. ಹೊರಗೆ ಹೋಗಿ ಬೋರ್ಡಿನ ಫೋಟೋ ತೆಗೆದ. ರ‍್ಯಾಕಿನಲ್ಲಿದ್ದ ಪೀಸುಗಳನ್ನೂ ಒಂದೊಂದಾಗಿ ನೋಡಿದ. ಮೂಳೆ ಪ್ಲೇಟನ್ನು ಎತ್ತಿಕೊಂಡು, ಏನೂ ಕೇಳದೆ, ತನ್ನ ಮೊಣಕಾಲಿನ ಪಕ್ಕ ಹಿಡಿದು ನೋಡಿ ಇಟ್ಟ. ಗದಗದ ಹುಡುಗ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ.

ಆಮೇಲೆ ಸ್ಕ್ರೀನಿನ ಉದ್ದ ನಂಬರನ್ನು ಲ್ಯಾಪ್‌ಟಾಪಿನಲ್ಲಿ ಹೊಡೆದ. ನಲವತ್ತು ನಿಮಿಷ ಏನೂ ಆಗಲಿಲ್ಲ. ಎಲ್ಲರೂ ನಿಂತೇ ಇದ್ದೆವು. ಉತ್ತರ ಬಂತು, ಅದೂ ಒಂದು ಉದ್ದ ನಂಬರ್. ಅವನು ಓದುತ್ತಾ ಹೋದ, ನಮ್ಮ ಹುಡುಗ ಕೀಲಿಗಳನ್ನು ಒತ್ತುತ್ತಾ ಹೋದ. ಕೆಂಪು ಪಟ್ಟಿ ಹೋಯಿತು. ಅಷ್ಟೇ. ಗಂಟೆ ಬಾರಿಸಲಿಲ್ಲ, ದೀಪ ಹತ್ತಲಿಲ್ಲ. ಲೆವೆಲ್ ಸರಿ ಮಾಡಿ, ಅಳತೆ ನೋಡಿ, ಸಂಜೆಗೆ ಮೊದಲ ಇಂಪೆಲ್ಲರ್ ಮೇಜಿಗೇರಿತು.

ಊಟಕ್ಕೆ ಕೂತಾಗ ಆ ಎಂಜಿನಿಯರ್ ಹೇಳಿದ, ಪೀಣ್ಯದಲ್ಲಿ ಒಬ್ಬರು ನೆಲಕ್ಕೆ ಬಣ್ಣ ಹೊಡೆಯಲು ಮಷೀನನ್ನು ನಾಲ್ಕು ಅಡಿ ಜರುಗಿಸಿದ್ದರಂತೆ. ಅದಕ್ಕೂ ಬೀಗ. ನಮ್ಮ ಪಾಲುದಾರನಿಗೆ ಆ ದಿನ ಅತಿ ಹೆಚ್ಚು ಸಮಾಧಾನ ಕೊಟ್ಟ ಮಾತು ಅದು.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲವೇನೋ. 2025ರ ಜೂನ್ ತಿಂಗಳಲ್ಲಿ ಪಕ್ಕದ ಶೆಡ್ಡಿನವನು ಬಂದ. ಸೊಲ್ಲಾಪುರದವನು, ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಮೋಟಾರ್ ಜೋಡಿಸಿ ಕೊಡುತ್ತಾನೆ. ಅದರೊಳಗಿನ ಅಯಸ್ಕಾಂತ ಚೀನಾದ್ದು. ಜಗತ್ತಿನ ಇಂಥ ಅಯಸ್ಕಾಂತಗಳಲ್ಲಿ ಸುಮಾರು 90% ಅಲ್ಲಿಯದೇ. ಏಪ್ರಿಲ್ 4ಕ್ಕೆ ಚೀನಾ ಏಳು ಅಪರೂಪದ ಲೋಹಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತ್ತು. ಡಿಸ್ಪ್ರೋಸಿಯಂ, ಟರ್ಬಿಯಂ ಅದರಲ್ಲಿದ್ದವು. ಮೋಟಾರ್ ಕಾದಾಗ ಅಯಸ್ಕಾಂತ ಶಕ್ತಿ ಕಳೆದುಕೊಳ್ಳದಂತೆ ಹಿಡಿದಿಡುವುದು ಆ ಚಿಟಿಕೆ ಡಿಸ್ಪ್ರೋಸಿಯಂ. ಅಮೆರಿಕ ಚೀನಾಕ್ಕೆ ಅತ್ಯಾಧುನಿಕ ಚಿಪ್ ಕೊಡಲ್ಲ ಅಂತ 2022ರಲ್ಲಿ ಬಾಗಿಲು ಹಾಕಿತ್ತು. ಚೀನಾ ಗ್ಯಾಲಿಯಂ, ಜರ್ಮೇನಿಯಂ ಲೋಹಗಳ ರಫ್ತು ಬಿಗಿ ಮಾಡುವುದರಿಂದ ಶುರು ಮಾಡಿ ಅಯಸ್ಕಾಂತದವರೆಗೆ ಬಂದಿತ್ತು. ನಡುವೆ ಇವನ ಶೆಡ್ಡಿನಲ್ಲಿ 900 ಮೋಟಾರಿನ ಖಾಲಿ ಚಿಪ್ಪುಗಳು ಸಾಲಾಗಿ ಕೂತಿದ್ದವು.

“ಅವರದೊಂದು ಫಾರ್ಮ್ ಐತ್ರೀ. ನೀವು ಇಂಥದ್ದು ತುಂಬೀರಂತ ಕೇಳಿದೆ,” ಅಂದ.

ಕನ್ನಡಕ ಹಾಕಿಕೊಂಡು ನೋಡಿದೆ. ಅಂತಿಮ ಬಳಕೆದಾರ ಯಾರು. ಯಾವ ವಸ್ತುವಿಗೆ ಬಳಕೆ. ಸೇನಾ ಬಳಕೆಗೆ ಅಲ್ಲ ಅಂತ ಪ್ರತಿಜ್ಞೆ. ಆಮೇಲೆ ನಮ್ಮ ಸರ್ಕಾರದ ಮುದ್ರೆ, ದಿಲ್ಲಿಯ ಚೀನಾ ರಾಯಭಾರ ಕಚೇರಿಯ ಮುದ್ರೆ. ವಿಳಾಸದ ಜಾಗದಲ್ಲಿ ಅವನು ಗಟ್ ನಂಬರ್ ಬರೆದಿದ್ದ.

“ಇದನ್ನ ಮೊದಲು ಅಳಿಸು,” ಅಂದೆ.

ಕಪಾಟಿನಿಂದ ನನ್ನ ಹಳೆ ಫೈಲ್ ತೆಗೆದೆ. ಊರಿನ ಹೆಸರಿನ ಅಫಿಡವಿಟ್, ಕೈಯಲ್ಲಿ ಬರೆದ ನಕ್ಷೆ, ಎಲ್ಲ ಕೊಟ್ಟೆ. ಪ್ರತಿಜ್ಞೆಯ ವಾಕ್ಯವನ್ನು ನನ್ನ ಜಪಾನಿನ ಕಾಗದ ನೋಡಿಕೊಂಡೇ ಬರೆಸಿದೆ, ನಾಲ್ಕು ಶಬ್ದ ಮಾತ್ರ ಬದಲಿಸಬೇಕಾಯಿತು. ನಕ್ಷೆಯಲ್ಲಿ ವಡಾಪಾವ್ ಗಾಡಿ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಬಂದಿದೆ. ಅದನ್ನೂ ತಿದ್ದಿಸಿದೆ.